ಹಿತ್ತಲದಾಗೊಂದು ಈಸೂ ಹೊಂಡ

ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಇನ್ನೂ ತಿರುವಿ ಹಾಕಿರಲಿಲ್ಲ, ಹಿತ್ತಲ ಗೋಡೆಯಾಚೆಯಿಂದ ನೆರೆಮನೆಯ ಮುದಕಪ್ಪನ ದನಿ ಬಂತು.

“ಹನಮಂತಕ್ಕಾ, ಆ ಹಗ್ಗ ಬಿಚ್ಚಸ್ತಿಯೋ, ಇಲ್ಲಾ ನಾನ ಬಂದು ಹರೀಲ್ಯೋ?”

ಹನಮಂತವ್ವ ಏಳಲಿಲ್ಲ. ರೊಟ್ಟಿ ಬಿಟ್ಟು ಎದ್ದರೆ ಸೀದು ಹೋಗುತ್ತದೆ, ಮುದಕಪ್ಪನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ರೊಟ್ಟಿ ತಿರುವಿ, ಅರಿವೆಯಿಂದ ಅಂಚು ಒತ್ತಿ, ಉಬ್ಬಿದ ಮೇಲೆ ತೆಗೆದು ಒಲೆಯ ಮಗ್ಗುಲಿಗೆ ನಿಲ್ಲಿಸಿದಳು. ಮರುದಿನದ ಮೊದಲ ಬಸ್ಸಿಗೆ ಗದಗದ ಖಾನಾವಳಿಗೆ ಹೋಗಬೇಕಾದ ಖಡಕ್ ರೊಟ್ಟಿ ಅವು. ಇಪ್ಪತ್ತು ವರ್ಷದಿಂದ ಅವಳ ಸಂಸಾರ ನಡೆದದ್ದು ಅವುಗಳ ಮೇಲೆಯೇ.

“ಹಗ್ಗ ನನ್ನ ಹಿತ್ತಲದಾಗೈತಿ, ತಮ್ಮಾ,” ಎಂದಳು ಕೂತಲ್ಲಿಂದಲೇ. “ಹರಿಯಾಕ ಬರೂದಿದ್ರ ಮುಂದಿನ ಬಾಗಲಿಂದ ಬಾ. ಚಾ ಕುಡದ ಮ್ಯಾಲ ಹರಿಯಂತಿ.”

ಹಿತ್ತಲಲ್ಲಿ ನಾಲ್ಕು ಗೂಟ ಬಡಿದು ಹಗ್ಗ ಎಳೆಯುತ್ತಿದ್ದವನು ಅವಳ ತಮ್ಮ ಹುಲಗಪ್ಪ. ಗೌಂಡಿ, ಕಲ್ಲು ಗಾರೆಯ ಕೆಲಸದವನು. ಮುಸಿಮುಸಿ ನಕ್ಕು ಒಳಗೆ ಹಣಿಕಿ ಹಾಕಿದ.

“ಅಕ್ಕಾ, ಹದಿನೆಂಟು ಫೂಟು ಉದ್ದ, ಹತ್ತು ಫೂಟು ಅಗಲ ಆತು. ಈ ಕಡಿ ಮೊಳಕಾಲ ಮಟ, ಆ ಕಡಿ ನಿನ್ನ ಕುತಗಿ ಮಟ. ಆದ್ರ ಈ ಎರಿ ಮಣ್ಣು ಬ್ಯಾಸಗ್ಯಾಗ ಬಾಯಿ ಬಿಡತೈತಿ. ಗರಸು ಸಿಗೂತನಾ ಕೆದರಿ ಕಲ್ಲು ಕಟ್ಟಬೇಕು. ಇಲ್ಲಂದ್ರ ಮದಲನೇ ವರ್ಷನ ಸೀಳತೈತಿ ನೋಡು.”

“ಅದು ಸೀಳಿದ್ರ ನಾ ನಿನ್ನ ತಲಿ ಸೀಳತೀನಿ. ನೀರಿಂದು ಹೇಳು.”

“ನೀರಿಂದೇನು, ನಿನ್ನ ಹಳೇ ಭಾಂವಿ ಐತಲ್ಲ. ಸವಳ ನೀರು, ಕುಡಿಯಾಕ ಬರಂಗಿಲ್ಲ, ಬ್ಯಾಳಿ ಬೇಯಂಗಿಲ್ಲ. ಈಸಾಕ ಏನಾಗೇತಿ? ಹಳೇದಾದ ನೀರು ತೆಂಗಿನ ಬುಡಕ್ಕ ಬಿಟ್ರಾತು.”

ಗೋಡೆಯ ಮೇಲೆ ಈಗ ಮುದಕಪ್ಪನ ರುಮಾಲು ಕಾಣಿಸಿತು.

“ನೈಋತ್ಯಕ್ಕ ನೀರು ಮಾಡಿದ ಮನಿ ಉದ್ಧಾರ ಆಗಿದ್ದು ಎಲ್ಲೆರ ಕೇಳಿಯೇನು? ಮನಿ ಹಿರ್ಯಾರು ಉಳಿಯೂದಿಲ್ಲ.”

“ಈ ಮನಿಗೆ ಹಿರ್ಯಾಕಿ ನಾನ. ಅರವತ್ನಾಕ ಆತು, ಇನ್ನೆಷ್ಟ ಉಳೀಲಿ?” ಹನಮಂತವ್ವ ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಬಂದಳು. “ಮತ್ತ ನನಗಿದು ನೈಋತ್ಯ ಅಂದ್ರ ಗ್ವಾಡಿ ಆಚೆ ಇರೂ ನಿನಗ ಈಶಾನ್ಯ ಆಗತೈತಿ. ನನ್ನ ಖರ್ಚಿನಾಗ ನಿನ್ನ ಈಶಾನ್ಯಕ್ಕ ಗಂಗಿ ಬರತಾಳ. ನೀನ ನನಗ ಕುಬಸಾ ತಂದು ಉಡಿ ತುಂಬಬೇಕಪಾ.”

ಹುಲಗಪ್ಪ ಜೋರಾಗಿ ನಕ್ಕ. ಗೋಡೆಯಾಚೆಯಿಂದ ಮತ್ತೆ ಮುದಕಪ್ಪನ ದನಿ ಬಂತು, ಈ ಸಲ ಬಹಳ ಸಣ್ಣಗೆ.

“ಈ ಗ್ವಾಡಿ ಮಗ್ಗಲಕ್ಕ ನೀರು ಬ್ಯಾಡ ಅಂದ್ರ ಬ್ಯಾಡ.”

ರುಮಾಲು ಇಳಿಯಿತು. ಬಾಗಿಲು ಬಡಿದುಕೊಂಡ ಸದ್ದಾಯಿತು. ಹುಲಗಪ್ಪನ ನಗೆಯೂ ನಿಂತಿತು.

“ವಾಸ್ತುದ ಮಾತಲ್ಲಕ್ಕಾ ಅದು.”

“ನನಗ ಗೊತ್ತಿಲ್ಲೇನು?” ಎಂದು ಅವಳು ಒಲೆಯ ಮುಂದೆ ಹೋಗಿ ಕೂತಳು.

ಊರಿಗೆಲ್ಲ ಗೊತ್ತಿದ್ದ ಮಾತು. ಎರಡು ವರ್ಷದ ಹಿಂದೆ ಸಂಕ್ರಾಂತಿಯ ದಿನ ಓಣಿಯ ಹೆಂಗಸರು ರೊಟ್ಟಿ ಬುತ್ತಿ ಕಟ್ಟಿಕೊಂಡು, ಎಳ್ಳು ಹಚ್ಚಿಕೊಂಡು, ಕೊರ್ಲಹಳ್ಳಿ ದಾರಿಯ ಕೆಳಗಿನ ಹೊಳೆದಂಡೆಗೆ ಜಳಕಕ್ಕೆ ಹೋಗಿದ್ದರು. ಉಸುಕು ತೆಗೆದು ಬಿಟ್ಟ ಗುಂಡಿ ನೀರೊಳಗೆ ಯಾರಿಗೂ ಕಾಣಲಿಲ್ಲ. ಮುದಕಪ್ಪ ಶೇಖವ್ವರ ಮಗಳು ಕಾಂಚನಾ, ಹದಿಮೂರು ವರ್ಷದ ಹುಡುಗಿ, ಮೊಳಕಾಲುದ್ದ ನೀರಲ್ಲಿ ನಡೆಯುತ್ತಿದ್ದವಳು ಒಂದು ಹೆಜ್ಜೆ ಇಟ್ಟಳು, ಇಲ್ಲವಾದಳು. ದಂಡೆಯ ಮೇಲೆ ಹತ್ತು ಮಂದಿ ಹೆಂಗಸರು. ಒಬ್ಬಳಿಗೂ ಈಸು ಬರುತ್ತಿರಲಿಲ್ಲ.

ಊರ ಹೆಂಗಸರಲ್ಲಿ ಈಸು ಬರುತ್ತಿದ್ದದ್ದು ಹನಮಂತವ್ವ ಒಬ್ಬಳಿಗೆ. ಅವಳ ಅಪ್ಪ ಮಂದಿಯ ಭಾವಿಗೆ ಇಳಿದು ಬಿದ್ದ ಕೊಡ ತೆಗೆದುಕೊಡುವವನು. ಏಳು ವರ್ಷದ ಮಗಳ ಬೆನ್ನಿಗೆ ಒಣ ಬೆಂಡು ಕಟ್ಟಿ ನೀರಿಗೆ ಬಿಟ್ಟಿದ್ದ. ದಿನಕ್ಕೊಂದು ಬೆಂಡು ಬಿಚ್ಚುತ್ತ ಹೋಗಿ, ಕಡೆಗೆ ಬರಿಯ ಹಗ್ಗವಷ್ಟೇ ಉಳಿದಾಗ ಆ ಹುಡುಗಿ ತೇಲುತ್ತಿದ್ದಳು. ಮೈನೆರೆದ ಮೇಲೆ ಅವ್ವ ಭಾವಿಯ ಕಡೆಗೆ ಹಾಯಗೊಡಲಿಲ್ಲ. ಆದರೆ ಕಲಿತದ್ದನ್ನು ಮೈ ಮರೆಯುವುದಿಲ್ಲವಲ್ಲ. ಆ ಸಂಕ್ರಾಂತಿಯ ದಿನ ಅವಳು, ಖಾನಾವಳಿಯ ರೊಟ್ಟಿ ಮುಗಿಸಿ ಬರುತ್ತೇನೆ, ನೀವು ನಡೆಯಿರಿ ಎಂದು ಮನೆಯಲ್ಲಿ ಉಳಿದಿದ್ದಳು. ಎಷ್ಟು ರೊಟ್ಟಿ ಆಗಿದ್ದವೆಂದು ಇವತ್ತಿಗೂ ನೆನಪಿದೆ. ಅರವತ್ತೆರಡು.

ಆ ವರ್ಷವೇ ನಿರ್ಧಾರ ಮಾಡಿದ್ದಳು. ಓಣಿಯ ಒಂದೊಂದು ಹುಡುಗಿಗೂ ತಾನು ಈಸು ಕಲಿಸಬೇಕು. ಹೊಳೆ ನಂಬುವಂತಿಲ್ಲ, ತನ್ನ ಭಾವಿ ಇಕ್ಕಟ್ಟು. ಹಿತ್ತಲಲ್ಲಿ ಹೊಂಡ ಕಟ್ಟಬೇಕು.

ಗೂಟ ಬಡಿದ ವಾರದಲ್ಲೇ ಅರ್ಜಿ ಬರೆದಳು. ನಲವತ್ತೊಂಬತ್ತನೆಯ ವಯಸ್ಸಿಗೆ ರಾತ್ರಿ ಶಾಲೆಗೆ ಹೋಗಿ ಕಲಿತ ಅಕ್ಷರ. ದುಂಡಗೆ, ದೂರ ದೂರ, ಒಂದಕ್ಕೊಂದು ತಾಗದ ಹಾಗೆ ಬರೆಯುತ್ತಾಳೆ. ಸೋಮವಾರ ಪಂಚಾಯ್ತಿಗೆ ಒಯ್ದಳು.

ಪಿಡಿಓ ಸಿದ್ದಲಿಂಗೇಶ ಇನ್ನೂ ಎಳೆಯ, ಕೆಟ್ಟವನಲ್ಲ. ಅರ್ಜಿ ಓದಿ ಕನ್ನಡಕ ತೆಗೆದ.

“ಅಜ್ಜೀ, ಈಸುವ ಹೊಂಡ ಅಂತ ಬರದೀರಲ್ಲ. ಅಂದ್ರ ಸ್ವಿಮ್ಮಿಂಗ್ ಪೂಲ್?”

“ಇಂಗ್ಲೀಷಿನ್ಯಾಗ ಏನಂತಾರೋ. ಹುಡಿಗ್ಯಾರು ಈಸೂದು.”

ಅಲ್ಲೇ ಕೂತಿದ್ದ ಮೆಂಬರ ಹೊಳೆಯಪ್ಪ ಬೋಳುತಲೆ ಸವರಿಕೊಂಡು ನಕ್ಕ. “ಮುಂದಿನ ವರ್ಷ ಇಮಾನಾ ಇಳಸಾಕ ಜಾಗಾ ಕೇಳ್ತಿಯೇನಬೇ ಹನಮಂತವ್ವಾ?”

“ಅದಕ್ಯಾಕ ಅರ್ಜಿ? ನಿನ್ನ ತಲಿ ಮ್ಯಾಲ ಬೇಕಾದಷ್ಟ ಬಯಲೈತಿ.”

ಕಚೇರಿಯೆಲ್ಲ ನಕ್ಕಿತು. ಸಿದ್ದಲಿಂಗೇಶ ನಗು ನುಂಗಿ, ಸಮಾಧಾನದಿಂದ ಹೇಳಿದ. “ನೋಡ್ರಿ ಅಜ್ಜಿ, ಇಂಥಾದ್ದಕ್ಕ ನಮ್ಮ ಫಾರ್ಮಿನ್ಯಾಗ ಜಾಗಾನ ಇಲ್ಲ. ಕೃಷಿ ಹೊಂಡ ಅಂತ ಬರೀರಿ. ಇಲ್ಲಾ ದನಕ್ಕ ನೀರು ಕುಡಿಸೂ ತೊಟ್ಟಿ ಅಂತ ಬರೀರಿ. ನಾ ಮುಂದ ನೋಡತೀನಿ.”

“ನಂದು ಹೊಲ ಅಲ್ರಿ, ಹಿತ್ತಲ. ಮನ್ಯಾಗ ದನಾನೂ ಇಲ್ಲ. ಹುಡಿಗ್ಯಾರು ಈಸಾಕ ಕಲಿಯೂದು ಕಳವಿನ ಕೆಲಸ ಏನ್ರಿ, ದನದ ಹೆಸರಿಲೆ ಮಾಡಾಕ? ಅಷ್ಟು ವಯಸ್ಸಾದ ಮ್ಯಾಲ ಅಕ್ಷರ ಕಲತಿದ್ದು ಸುಳ್ಳು ಬರಿಯಾಕಲ್ರಿ ಸಾಹೇಬ್ರ.”

ಅವನಿಗೂ ಸ್ವಲ್ಪ ಸಿಟ್ಟು ಬಂತು. ಅರ್ಜಿಯನ್ನು ಮೇಜಿನ ಮೇಲೆ ಅವಳ ಕಡೆಗೇ ಸರಿಸಿದ.

“ಹಂಗಾದ್ರ ಬಾಜೂದವರ ಒಪ್ಪಿಗಿ ಪತ್ರ ತೊಗೊಂಡು ಬರ್ರಿ. ಅದಿಲ್ಲದ ನಾ ಇದನ್ನ ತೊಗೊಳ್ಳೂದಿಲ್ಲ.”

ಅವಳ ಮನೆಗೆ ಎರಡು ಕಡೆ ಓಣಿ, ಒಂದು ಕಡೆ ಹುಲಗಪ್ಪನದೇ ಮನೆ. ಉಳಿದದ್ದು ಮುದಕಪ್ಪನ ಗೋಡೆಯೊಂದು.

ಕೇಳಿದಳು. ದೀಪಾವಳಿಗೆ ಕೇಳಿದಳು, ಶಿವರಾತ್ರಿ ಕಳೆದ ಮೇಲೆ ಕೇಳಿದಳು. ಮುದಕಪ್ಪ ಮೊದಲು ಬೈದ, ಆಮೇಲೆ ಬೈಯುವುದನ್ನೂ ಬಿಟ್ಟು ಮುಖ ತಿರುವಿದ. ಅರ್ಜಿ ರೊಟ್ಟಿಯ ಡಬ್ಬಿಯ ತಳಕ್ಕೆ ಸೇರಿತು. ಸೋಮವಾರಕ್ಕೊಮ್ಮೆ ಅದನ್ನು ತೆಗೆದು, ಹಿಟ್ಟು ಝಾಡಿಸಿ, ಸೆರಗಿನಲ್ಲಿ ಇಟ್ಟುಕೊಂಡು ಪಂಚಾಯ್ತಿಯ ಬಾಕಿನ ಮೇಲೆ ಹೋಗಿ ಕೂರುತ್ತಿದ್ದಳು.

“ಮುದಕಪ್ಪನ ಸಹಿ ಆತೇನ್ರಿ?” ಎಂದು ಸಿದ್ದಲಿಂಗೇಶ ಕೇಳುವನು.

“ಇಲ್ರಿ.”

“ಮತ್ಯಾಕ ಬಂದ್ರಿ?”

“ನೀವು ಇನ್ನೂ ಇದೀರೋ, ವರ್ಗ ಆತೋ ನೋಡಾಕ.”

ನಡುವೆ ಒಂದು ಸಂಕ್ರಾಂತಿ ಬಂದು ಹೋಯಿತು. ಓಣಿಯ ಹುಡುಗಿಯರನ್ನು ಯಾರೂ ಹೊಳೆಗೆ ಕರೆದೊಯ್ಯಲಿಲ್ಲ. ಹುಡುಗರು ಹೋದರು, ಈಸಿದರು, ತಲೆ ಒರೆಸಿಕೊಳ್ಳುತ್ತ ಬಂದರು. ಹುಡುಗಿಯರು ಬಾಗಿಲ ಕಟ್ಟೆಯ ಮೇಲೆ ಕೂತು ಕುಸುರೆಳ್ಳು ತಿಂದರು. ಹನಮಂತವ್ವ ರೊಟ್ಟಿ ಬಡಿಯುತ್ತ ಅವರನ್ನೇ ನೋಡಿದಳು. ಒಬ್ಬಳನ್ನು ಹೊಳೆ ಒಯ್ದಿತು, ಉಳಿದವರನ್ನು ಊರು ಕಟ್ಟಿಹಾಕಿತು. ಇದಕ್ಕೆ ಜೋಪಾನ ಅನ್ನುತ್ತಾರೆ!

ತಡವಾಗಿ ಓದಲು ಕಲಿತವರಿಗೆ ಕಂಡದ್ದನ್ನೆಲ್ಲ ಓದುವ ಚಟ. ಬಾಕಿನ ಮೇಲೆ ಕೂತು ಕೂತು ಅವಳು ಪಂಚಾಯ್ತಿಯ ಗೋಡೆಯನ್ನೆಲ್ಲ ಓದಿ ಮುಗಿಸಿದ್ದಳು. ಸೊಳ್ಳೆಯದು, ಶೌಚಾಲಯದ್ದು, ಬಂದ ಅರ್ಜಿಗೆ ಹಿಂಬರಹ, ಅಂದರೆ ಬರಹದಲ್ಲಿ ಉತ್ತರ, ಕೊಡಲೇಬೇಕೆಂಬ ಹಳೆಯ ಫಲಕದ್ದು. ಮಳೆಗಾಲ ಹಿಡಿಯುವ ಹೊತ್ತಿಗೆ ಅಲ್ಲೊಂದು ಹೊಸ ಕಾಗದ ಅಂಟಿಸಿದರು. ಊರ ಮನೆಗಳ ಪಟ್ಟಿ. ಹೆಸರು ತಪ್ಪಿದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು ಎಂದಿತ್ತು. ಎದ್ದು ನಿಂತು, ಬೆರಳಿಟ್ಟು, ಒಂದೊಂದೇ ಹೆಸರು ಓದುತ್ತ ಬಂದಳು. ನೂರಾ ಹದಿಮೂರು ಅವಳದು. ಅದರ ಕೆಳಗಿನ ಸಾಲಿನಲ್ಲಿ ಬೆರಳು ನಿಂತಿತು. ಇನ್ನೊಮ್ಮೆ ಓದಿದಳು. ಪೆನ್ಸಿಲ್ ಬೇಡಿ ತಂದು ಆ ಸಾಲನ್ನು ಇದ್ದಂತೆಯೇ ತನ್ನ ಅರ್ಜಿಯ ಬೆನ್ನಿಗೆ ಬರೆದುಕೊಂಡಳು.

ಅವತ್ತು ಸಂಜೆ ಮುದಕಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ ಹೋಗದೆ, ಅವನು ಹೊಲದಿಂದ ಬರುವ ತನಕ ಕಾದಳು. ಅವನು ಕಾಲು ತೊಳೆದು ಕಟ್ಟೆಯ ಮೇಲೆ ಕೂತ ಮೇಲೆ ಮುಂದಿನ ಬಾಗಿಲಿಂದಲೇ ಹೋದಳು.

“ಮುದಕಪ್ಪಾ, ಈ ಸಲ ನಿನ್ನ ಕೇಳಾಕ ಬಂದಿಲ್ಲ. ಶೇಖವ್ವನ್ನ ಕೇಳಾಕ ಬಂದೀನಿ.”

“ಆಕಿನ್ನೇನ ಕೇಳ್ತಿ? ಮನಿ ನಂದು.”

“ಪಂಚಾಯ್ತಿ ಗ್ವಾಡಿ ಹಂಗ ಅನ್ನೂದಿಲ್ಲಪಾ.” ಅರ್ಜಿಯ ಬೆನ್ನು ತಿರುವಿ ಓದಿದಳು. “ಮನಿ ನಂಬರ ನೂರಾ ಹದಿನಾಕು. ಮಾಲೀಕರು, ಶೇಖವ್ವ ಕೋಂ ಮುದಕಪ್ಪ.”

ಮುದಕಪ್ಪ ರುಮಾಲು ಬಿಚ್ಚುತ್ತಿದ್ದವನು ಹಾಗೆಯೇ ಕೂತ. ಮೂವತ್ತು ವರ್ಷದ ಹಿಂದೆ ಶೇಖವ್ವನ ತಂದೆ ಮದುವೆಯಲ್ಲಿ ಮಗಳ ಅರಿಷಿಣ ಕುಂಕುಮಕ್ಕೆಂದು ಈ ಜಾಗ ಕೊಟ್ಟು, ಅವಳ ಹೆಸರಿಗೇ ಬರೆಸಿದ್ದ. ಮನೆ ಕಟ್ಟಿಸಿದ್ದು ಮುದಕಪ್ಪ. ಮುದಕಪ್ಪನ ಮನೆ, ಮುದಕಪ್ಪನ ಗೋಡೆ ಎಂದು ಅಂದೂ ಅಂದೂ ಊರು ಮರೆತಿತ್ತು, ಪಿಡಿಓ ಮರೆತಿದ್ದ, ಮುದಕಪ್ಪನೂ ಮರೆತಿದ್ದ.

“ಜಾಗಾ ಅಷ್ಟ ಕೊಟ್ಟಿದ್ದು,” ಎಂದ. “ಮನಿ ಕಟ್ಟಿಸಿದಾಂವ ನಾನು.”

ಬಾಗಿಲಲ್ಲಿ ಶೇಖವ್ವ ನಿಂತಿದ್ದಳು. ಮಗಳು ಹೋದಂದಿನಿಂದ ಬೇಕಾದಷ್ಟೇ ಮಾತಾಡುವವಳು.

“ಜಾಗಾ ನಮ್ಮಪ್ಪ ಕೊಟ್ಟ. ಮನಿ ನೀವು ಕಟ್ಟಿಸಿದ್ರಿ. ಮಗಳು ಇಬ್ಬರಿಗೂ ಮಗಳು.”

“ಶೇಖಾ, ನೀ ಒಳಗ ನಡಿ. ದಿನಾ ಆ ನೀರಿನ ಸಪ್ಪಳ ನನ್ನ ಕಿವಿಗೆ ಬೀಳಬೇಕೇನು? ಮಂದಿ ಹುಡಿಗ್ಯಾರು ಚೀರೂದು, ನಗೂದು… ನನಗಾಗೂದಿಲ್ಲ.”

“ನನ್ನ ಕಿವ್ಯಾಗ ಆ ಸಪ್ಪಳ ನಿಂತ ಇಲ್ಲ. ನಗು ಒಂದಿಲ್ಲ, ಅಷ್ಟ.” ಶೇಖವ್ವ ಹೊಸ್ತಿಲು ದಾಟಿ ಹೊರಗೆ ಬಂದಳು. “ಹತ್ತು ಮಂದಿ ಸೀರಿ ಬಿಚ್ಚಿ ಗಂಟ ಹಾಕಿ ಒಗದ್ವಿ. ಮುಟ್ಟಲಿಲ್ಲ. ನೀವು ಅಲ್ಲಿರಲಿಲ್ಲ. ನಾ ದಂಡಿ ಮ್ಯಾಲ ನಿಂತಿದ್ದೆ. ನಿಂತ ಇದ್ದೆ. ಯಕ್ಕಾ, ಪೆನ್ನು ಕೊಡು.”

ಹನಮಂತವ್ವ ಕುಪ್ಪಸದಿಂದ ಪೆನ್ನು ತೆಗೆದಳು. “ಏನ ಬರೀಬೇಕಂತ ನಾ ಹೇಳ್ತೀನಿ ತಂಗಿ…”

“ಬ್ಯಾಡ. ನಾನ ಬರೀತೀನಿ. ರಾತ್ರಿ ಶಾಲಿಗೆ ನಿನ್ನ ಹಿಂದ ನಾನೂ ನಾಕು ತಿಂಗಳು ಬಂದಿದ್ನೆಲ್ಲ.”

ಕಟ್ಟೆಯ ಮೇಲೆ ಕೂತು ಬರೆದಳು. ಒಂದು ಅಕ್ಷರ ಬರೆದು ಇನ್ನೊಂದನ್ನು ನೆನೆಯುವಳು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚೊರ್ ಎಂದಿತು. ಅವಳು ತಲೆ ಎತ್ತಲಿಲ್ಲ. ಮುದಕಪ್ಪ ಒಂದು ಸಲ ಹೆಂಡತಿಯನ್ನು ನೋಡಿದ, ಹನಮಂತವ್ವನನ್ನು ನೋಡಿದ, ಎದ್ದು ತಾನೇ ಒಳಗೆ ಹೋಗಿ ಹಾಲು ಇಳಿಸಿದ.

ಶೇಖವ್ವ ಬರೆದದ್ದು ಇಷ್ಟು. ‘ಮನಿ ನಂಬರ 114ರ ಮಾಲಕಿ ಶೇಖವ್ವ ಬರೆದ ಒಪ್ಪಿಗಿ ಪತ್ರ. ನನ್ನ ಗೋಡೆಯ ಮಗ್ಗಲಿಗೆ ಹನಮಂತವ್ವ ಈಸುವ ಹೊಂಡ ಕಟ್ಟಲು ನನ್ನ ತಕರಾರು ಇಲ್ಲ. ಒಂದು ಮಾತು. ಮೊದಲು ನನಗೆ ಕಲಿಸಬೇಕು.’

“ಈ ಕಡೀ ಸಾಲು ಪಂಚಾಯ್ತಿಗಲ್ಲ, ನನಗ,” ಎಂದಳು ಹನಮಂತವ್ವ.

“ಇರಲಿ. ಅವರೂ ಓದಲಿ.”

ಹೊರಡುವಾಗ ಒಳಗಿನಿಂದ ಮುದಕಪ್ಪನ ದನಿ ಬಂತು. ಅವನು ಹೊರಗೆ ಬರಲಿಲ್ಲ.

“ಹನಮಂತಕ್ಕಾ, ಸುತ್ತಲೂ ಗ್ವಾಡಿ ಏರಿಸಿ ಬಾಗಲಾ ಹಚ್ಚು, ಕೀಲಿ ಹಾಕು. ಸಣ್ಣ ಹುಡುಗ್ರು ಬಿದ್ದಾವು.”

“ಹಚ್ಚತೀನಿ, ತಮ್ಮಾ.”

ಮರುದಿನ ರೊಟ್ಟಿಯ ಗಂಟನ್ನು ಗದಗದ ಬಸ್ಸಿಗೆ ಏರಿಸಿ, ಇಬ್ಬರೂ ಮುಂಡರಗಿಯ ಬಸ್ಸು ಹತ್ತಿದರು. ಕೈಗೆ ಕೊಟ್ಟರೆ ಸಿದ್ದಲಿಂಗೇಶ ಮತ್ತೆ ಮೇಜಿನ ಮೇಲೆ ಈಚೆಗೆ ಸರಿಸಿಯಾನು, ಅಂಚೆಯವನ ಮುಂದೆ ಹಾಗೆ ಸರಿಸಲಾರ, ಸಹಿ ಹಾಕಿ ತೆಗೆದುಕೊಂಡ ಮೇಲೆ ಫಲಕದಲ್ಲಿದ್ದಂತೆ ಹಿಂಬರಹ ಕೊಡಲೇಬೇಕು ಎಂದು ಹನಮಂತವ್ವನ ಲೆಕ್ಕ.

“ರಜಿಸ್ಟರ ಮಾಡಪಾ,” ಎಂದು ಅರ್ಜಿ, ಒಪ್ಪಿಗೆ ಪತ್ರ ಎರಡನ್ನೂ ಹಾಕಿದ ಲಕೋಟೆಯನ್ನು ಅಂಚೆ ಕಚೇರಿಯ ಕಟಕಟೆಯೊಳಗೆ ಚಾಚಿದಳು.

“ರಜಿಸ್ಟರ ಈಗಿಲ್ಲಬೇ, ಸ್ಪೀಡ್ ಪೋಸ್ಟ್.”

“ಹೆಸರು ಏನರ ಇರಲಿ. ಮುಟ್ಟಿದ್ದಕ್ಕ ಅವರ ಸಹಿ ಬರತೈತೋ ಇಲ್ಲೋ?”

“ಬರತೈತಿ.” ಗುಮಾಸ್ತ ವಿಳಾಸ ಓದಿ ಹುಬ್ಬೇರಿಸಿದ. “ಇದು ನಿಮ್ಮೂರ ಪಂಚಾಯ್ತಿಗೇ ಐತಲ್ಲ! ನಡಕೊಂತ ಹೋಗಿ ಕೊಟ್ಟಿದ್ರ ಆಗತಿತ್ತು.”

“ಹನ್ನೊಂದು ತಿಂಗಳು ನಡಕೊಂತ ಹೋಗೀನಪಾ. ಇನ್ನ ಅದ ನಡೀಲಿ.”

ಪಕ್ಕದಲ್ಲಿ ಶೇಖವ್ವ ಮೆಲ್ಲಗೆ ಕೇಳಿದಳು. “ಯಕ್ಕಾ, ಮೊದಲನೇ ದಿನ ಎಷ್ಟು ಬೆಂಡು ಕಟ್ತಿ?”

“ನಿನ್ನ ಮೈಗೆ ಒಂದು ಗಾಡಿ ಬೇಕು ತಗಿ.”

ಎಷ್ಟೋ ದಿನದ ಮೇಲೆ ಶೇಖವ್ವನ ತುಟಿಯಲ್ಲಿ ನಗು ಅಲುಗಿತು. ಕಟಕಟೆಯ ಆಚೆ ಗುಮಾಸ್ತ ಲಕೋಟೆಗೆ ಚೀಟಿ ಅಂಟಿಸಿ, ಠಪ್ಪೆಂದು ಶಿಕ್ಕಾ ಹೊಡೆದು, ಹಿಂದಿನ ಚೀಲಕ್ಕೆ ಎಸೆದ.