ಭವ್ಯ ಓಡಿಸಿದರೆ ಮಾತ್ರ ಜಗ್ಗುವ ಕಾರು

ಮಧುಗಿರಿಯಿಂದ ಸಿರಾ ಕಡೆಗೆ ಹೋಗುವಾಗ, ಬಡವನಹಳ್ಳಿ ದಾಟಿದ ಮೇಲೆ, ಹುಲ್ಲು ಹೇರಿದ್ದ ಲಾರಿಯೊಂದನ್ನು ಹಿಂದೆ ಹಾಕಲು ಹೋಗಿ ಭವ್ಯ ಸ್ವಲ್ಪದರಲ್ಲಿ ಪಾರಾದಳು. ಲಾರಿಯ ಪಕ್ಕಕ್ಕೆ ಬರುವವರೆಗೂ ಕಾರು ಸರಿಯಾಗೇ ಇತ್ತು. ಎದುರಿಗೆ ಬಸ್ಸು ಕಾಣಿಸಿದಾಗ ಆಕ್ಸಿಲರೇಟರನ್ನು ಪೂರ್ತಿ ಅದುಮಿದಳು. ಇಂಜಿನ್ನು ಮುಗ್ಗರಿಸಿದ ಹಾಗೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು, ಆಮೇಲೆ ಎಷ್ಟು ತುಳಿದರೂ ವೇಗ ಏರಲಿಲ್ಲ. ಲಾರಿಯವನು ಪುಣ್ಯಾತ್ಮ, ಬ್ರೇಕ್ ಹಿಡಿದು ಜಾಗ ಬಿಟ್ಟ. ಭವ್ಯ ಅವನ ಮುಂದೆ ತೂರಿಕೊಂಡು, ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಲಾರಿ ಕಣ್ಮರೆಯಾಗುವವರೆಗೂ ಕೂತಿದ್ದಳು.

ಅವಳು ಹುಲಿಕುಂಟೆಯಲ್ಲಿ ದನದ ಡಾಕ್ಟರು. ಮನೆ ಮಧುಗಿರಿಯಲ್ಲಿ. ಗಂಡ ಗೌರೀಶನದು ಅಲ್ಲೇ ಸ್ಪೇರ್ ಪಾರ್ಟ್ಸ್ ಅಂಗಡಿ. ಕಾರು ಅವನ ಹುಚ್ಚಿನದು. ಬೆಂಗಳೂರಿನ ಯಾರೋ ಶೋಕಿಯವನು ಹಳೆಯ ಪೆಟ್ರೋಲ್ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಿದ್ದ. ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಆ ಕಾರನ್ನು ಗೌರೀಶ ಕೊಂಡು ತಂದು ಭಾನುವಾರಗಳಲ್ಲಿ ಬಾನೆಟ್ ಎತ್ತಿ ಒರೆಸುತ್ತಿದ್ದ. ವಾರದ ದಿನಗಳಲ್ಲಿ ಭವ್ಯ ಕೆಲಸಕ್ಕೆ ಒಯ್ಯುತ್ತಿದ್ದಳು.

ಆ ಸಂಜೆ ನಡೆದದ್ದನ್ನು ಹೇಳಿದಾಗ ಗೌರೀಶ ಮೊದಲು ಕೇಳಿದ್ದು ಯಾವ ಗೇರಿನಲ್ಲಿದ್ದೆ ಅಂತ. ಮರುದಿನ ತಾನೇ ಅದೇ ರಸ್ತೆಯಲ್ಲಿ ಹೋಗಿಬಂದ. ಕಾರು ಒಂದು ಸಲವೂ ಜಗ್ಗಲಿಲ್ಲ. ಮುಂದಿನ ವಾರ ಭವ್ಯ ಓಡಿಸುವಾಗ ಏರಿನಲ್ಲಿ ಮತ್ತೆ ಜಗ್ಗಿತು. ಅವನು ಓಡಿಸಿದರೆ ಮತ್ತೆ ಇಲ್ಲ.

"ತಪ್ಪನ್ನ ಗಾಡಿ ಮೇಲೆ ಯಾಕೆ ಹಾಕ್ತೀಯ? ನಿಂಗೆ ಈ ಇಂಜಿನ್ ಒಗ್ಗಿಲ್ಲ, ಅಷ್ಟೇ," ಅಂದ.

ಜಗಳದ ದನಿಯಲ್ಲಿ ಹೇಳಲಿಲ್ಲ, ಸಮಾಧಾನ ಮಾಡುವವನ ಹಾಗೆ ಹೇಳಿದ. ಅವಳಿಗೆ ಅದೇ ಹೆಚ್ಚು ನೋವಾಯಿತು. ಅತ್ತೆ ಬಸವಮ್ಮ ಕೂಡ, ಯಾಕಮ್ಮ ಜೀವಕ್ಕೆ ಅಪಾಯ, ಬಸ್ಸಿನಲ್ಲೇ ಹೋಗು ಅಂದರು. ಭವ್ಯ ಬಸ್ಸು ಹಿಡಿದಳು. ಸ್ವಲ್ಪ ದಿನದಲ್ಲಿ ಅವಳಿಗೂ ತನ್ನ ಮೇಲೆ ಅನುಮಾನ ಬಂತು. ಬಸ್ಸಿನ ಕಿಟಕಿ ಪಕ್ಕ ಕೂತು, ಆ ಹೊತ್ತು ತನ್ನ ಕಾಲು ಕ್ಲಚ್ ಮೇಲಿತ್ತೇ, ಗೇರ್ ತಪ್ಪಾಗಿತ್ತೇ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಹುಲಿಕುಂಟೆ ಪಕ್ಕದ ಹಳ್ಳಿಯ ಚಿಕ್ಕಹನುಮಕ್ಕ ಅನ್ನುವವರ ಹಸುವಿಗೆ ಕರು ಅಡ್ಡ ಬಂದು ಹೆರಿಗೆ ಕಷ್ಟವಾಯಿತು. ಅವರ ಹಳ್ಳಿಗೆ ಬಸ್ಸಿಲ್ಲ. ಭವ್ಯ ಯಾರದೋ ಬೈಕಿನ ಹಿಂದೆ ಕೂತು ತಲುಪುವಷ್ಟರಲ್ಲಿ ಕರು ಒಳಗೇ ಸತ್ತಿತ್ತು. ಹಸು ಉಳಿಯಿತು. ಚಿಕ್ಕಹನುಮಕ್ಕ ಕೈ ತೊಳೆಯಲು ಬಿಸಿನೀರು ತಂದುಕೊಟ್ಟರು. ಮಾರನೆಯ ಬೆಳಿಗ್ಗೆ ಭವ್ಯ ಯಾರನ್ನೂ ಕೇಳದೆ ಕಾರಿನ ಕೀಲಿ ತೆಗೆದುಕೊಂಡು, ಮೆಲ್ಲಗೆ ಓಡಿಸಿಕೊಂಡು, ಸಿರಾದಲ್ಲಿ ಗ್ಯಾರೇಜು ಇಟ್ಟಿದ್ದ ಮುತ್ತುರಾಜನ ಹತ್ತಿರ ಹೋದಳು.

ಮುತ್ತುರಾಜ ಇಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪಿಗೆ ಒತ್ತಡ ಅಳೆಯುವ ಗೇಜ್ ಕಟ್ಟಿದ. ಇಂಜಿನ್ ಸುಮ್ಮನೆ ಓಡುತ್ತಿದ್ದಾಗ ಮುಳ್ಳು ನಿಲ್ಲಬೇಕಾದ ಕಡೆಯೇ ನಿಂತಿತ್ತು. ನಿಂತಲ್ಲೇ ರೇಸ್ ಕೊಟ್ಟು ನೋಡಿದ. ಆಗಲೂ ತೊಂದರೆ ಕಾಣಲಿಲ್ಲ.

"ಪ್ರೆಶರು ಕರೆಕ್ಟಾಗೈತೆ ಮೇಡಂ," ಅಂದ. ಗೌರೀಶ್ ಸಾರ್ ಅಂಗಡಿಯಿಂದಲೇ ತಾನು ಸಾಮಾನು ತರಿಸುವುದು, ಅವರೂ ಮೊನ್ನೆ ಫೋನಿನಲ್ಲಿ ಗಾಡಿಯಲ್ಲಿ ಏನೂ ಇಲ್ಲ ಅಂದಿದ್ದರು ಎಂದು ಸಂಕೋಚದಿಂದ ಸೇರಿಸಿದ.

ಭವ್ಯ ಗೇಜನ್ನೇ ನೋಡುತ್ತಿದ್ದಳು. "ಮುತ್ತುರಾಜ್, ಕಾಲು ಕುಂಟೋ ಎತ್ತನ್ನ ನಾವು ಕಟ್ಟಿಹಾಕಿ ನೋಡಲ್ಲ. ನಿಂತ್ಕೊಂಡಾಗ ಎಲ್ಲಾ ಎತ್ತೂ ಚೆನ್ನಾಗೇ ಇರ್ತವೆ. ನಡೆಸಿ ನೋಡ್ತೀವಿ, ಭಾರ ಎಳೆಸಿ ನೋಡ್ತೀವಿ."

ಮುತ್ತುರಾಜ ತಲೆ ಕೆರೆದುಕೊಂಡ. ಅವಳು ಹೇಳಿದ್ದು ಸರಿಯಿತ್ತು. ಗಾಡಿ ನಿಂತಿರುವಾಗ ಎಷ್ಟು ರೇಸ್ ಕೊಟ್ಟರೂ ಸೂಪರ್‌ಚಾರ್ಜರ್ ಗಾಳಿಯನ್ನು ನಿಜವಾಗಿ ಒತ್ತುವುದಿಲ್ಲ. ಭಾರ ಬಿದ್ದಾಗ ಮಾತ್ರ ಒತ್ತುತ್ತದೆ. ಒತ್ತಿದಷ್ಟೂ ಪೆಟ್ರೋಲಿನ ಒತ್ತಡವೂ ಏರಬೇಕು. ಅವನು ಓಡಿಸುವಾಗಲೂ ಮುಳ್ಳು ಕಾಣಲೆಂದು ಉದ್ದನೆಯ ಪೈಪು ಹುಡುಕಿ, ಪೆಟ್ರೋಲ್ ಗಾಡಿಯೊಳಗೆ ಬರಬಾರದೆಂದು ಗೇಜನ್ನು ಮುಂದಿನ ಗಾಜಿನ ಹೊರಗಡೆಗೆ ಟೇಪು ಸುತ್ತಿ ಅಂಟಿಸಿದ.

ಹೊರಡುವ ಮುಂಚೆ ಭವ್ಯ ಗಂಡನಿಗೆ ಫೋನ್ ಮಾಡಿ, ಸಿರಾಗೆ ಬನ್ನಿ ಅಂದಳು. ಗೌರೀಶ ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಅಂದ. "ಇವತ್ತು ನೀವು ಬರ್ಲೇಬೇಕು ಕಣ್ರೀ," ಎಂದು ಇಟ್ಟುಬಿಟ್ಟಳು. ಅವನು ಬೈಕಿನಲ್ಲಿ ಬಂದ. ಮುಖ ಗಂಟಿಕ್ಕಿಕೊಂಡೇ ಇದ್ದ.

ಮೊದಲು ಗೌರೀಶನೇ ಓಡಿಸಿದ. ಮುತ್ತುರಾಜ ಪಕ್ಕದಲ್ಲಿ, ಭವ್ಯ ಹಿಂದೆ. ಗೌರೀಶನದು ಮದುವೆ ಗಾಡಿ ಓಡಿಸುವವನ ನಾಜೂಕು: ಮೆಲ್ಲಗೆ ತುಳಿಯುವುದು, ಬೇಗ ಗೇರ್ ಏರಿಸುವುದು. ಏರು ಬಂದರೂ ಅವಸರವಿಲ್ಲ. ಮುಳ್ಳು ಅಲ್ಲಾಡಲಿಲ್ಲ, ಕಾರು ಜಗ್ಗಲಿಲ್ಲ. ಅವನು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ.

ಆಮೇಲೆ ಭವ್ಯ ಕೂತಳು. ತುರ್ತಿಗೆ ಕರೆ ಬಂದ ದಿನ ಹೇಗೆ ಓಡಿಸುತ್ತಿದ್ದಳೋ ಹಾಗೆ ಓಡಿಸಲು ಮುತ್ತುರಾಜ ಹೇಳಿದ. ಏರಿನ ಬುಡದಲ್ಲಿ, ಎದುರಿನ ರಸ್ತೆ ಖಾಲಿ ಇರುವುದನ್ನು ನೋಡಿಕೊಂಡು, ಅವಳು ಪೂರ್ತಿ ತುಳಿದಳು. ಕಾರು ಮುನ್ನುಗ್ಗಿತು, ಸೂಪರ್‌ಚಾರ್ಜರ್ ಸಿಳ್ಳೆ ಹಾಕಿತು. ಮುಳ್ಳು ಮೇಲೇರಬೇಕಾದ ಹೊತ್ತಿನಲ್ಲಿ ಇದ್ದಲ್ಲೇ ಇತ್ತು. ಇಂಜಿನ್ನು ಜಗ್ಗಿತು.

"ಕಾಲು ತೆಗೀರಿ ಮೇಡಂ, ಸಾಕು," ಅಂದ ಮುತ್ತುರಾಜ. ಹಿಂದಿನ ಸೀಟಿನಲ್ಲಿದ್ದ ಗೌರೀಶನ ಕಡೆಗೆ ತಿರುಗಿ, "ಈಗ ನೀವು ಇಂಗೇ ತುಳೀರಿ ಸಾರ್. ನೋಡೇಬುಡಾನ."

ಗೌರೀಶ ಒಂದೇ ಸಲ ತುಳಿದ. ಅವನ ಕಾಲಿಗೂ ಕಾರು ಹಾಗೇ ಜಗ್ಗಿತು. ಅವನು ಗಾಡಿಯನ್ನು ಬೇಲಿಯ ಪಕ್ಕ ನಿಲ್ಲಿಸಿ ಸ್ಟೀರಿಂಗ್ ಹಿಡಿದೇ ಕೂತ. ಹಿಂದೆ ತಿರುಗಿ ಹೆಂಡತಿಯ ಮುಖ ನೋಡಲಾಗಲಿಲ್ಲ. ಭವ್ಯಳಿಗೆ ಗೆದ್ದೆ ಅನ್ನಿಸಲಿಲ್ಲ. ಇಷ್ಟು ದಿನ ತನ್ನ ಕಾಲನ್ನು ತಾನೇ ಅನುಮಾನಿಸಿದ್ದು ನೆನಪಾಯಿತು.

ಜಗ್ಗಿದ್ದು ಸಾಕಷ್ಟು ಪೆಟ್ರೋಲ್ ಸಿಗದೆ, ಬರೀ ಗಾಳಿ ಹೆಚ್ಚಾಗಿ ಎಂದು ಮುತ್ತುರಾಜ ವಿವರಿಸಿದ. ಇನ್ನೂ ತುಳಿಯುತ್ತಾ ಹೋಗಿದ್ದರೆ ಪಿಸ್ಟನ್ ತೂತಾಗುತ್ತಿತ್ತು. ಮೇಡಂ ಹೆದರಿ ಬಸ್ಸು ಹಿಡಿದದ್ದೇ ಇಂಜಿನ್ ಉಳಿಸಿತು ಅಂದ.

ಗ್ಯಾರೇಜಿಗೆ ವಾಪಸ್ಸು ಬಂದ ಮೇಲೆ ಹುಡುಕಾಟ ಶುರುವಾಯಿತು. ಗೌರೀಶನಿಗೆ ಪೆಟ್ರೋಲ್ ತಳ್ಳುವ ಪಂಪಿನ ಮೇಲೆ ಅನುಮಾನ. ಹೊಸ ಪಂಪು ಅಂಗಡಿಯಲ್ಲೇ ಇದೆ, ತರಿಸುತ್ತೇನೆ ಅಂದ. ಮುತ್ತುರಾಜ ತಡೆದ. ಇಂಜಿನ್ ಓಡುತ್ತಿರುವಾಗ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸುವ ರಬ್ಬರ್ ಪೈಪನ್ನು ಒಂದು ಕ್ಷಣ ಮೆಲ್ಲಗೆ ಹಿಸುಕಿದ. ಮುಳ್ಳು ಚಂಗನೆ ಏರಿತು. ಪಂಪಿಗೆ ಶಕ್ತಿ ಬೇಕಾದಷ್ಟಿತ್ತು. ಹಾಗಾದರೆ ಒತ್ತಡ ಏರಿಸಬೇಕಾದ ರೆಗ್ಯುಲೇಟರಿಗೆ, ಏರಿಸು ಎನ್ನುವ ಸುದ್ದಿಯೇ ಹೋಗುತ್ತಿಲ್ಲ. ಆ ಸುದ್ದಿ ಒಯ್ಯುವುದು ಸೂಪರ್‌ಚಾರ್ಜರಿನ ಗಾಳಿಯನ್ನು ರೆಗ್ಯುಲೇಟರಿಗೆ ಮುಟ್ಟಿಸುವ ಒಂದು ಸಣ್ಣ ಪೈಪು.

ಇಂಜಿನ್ ನಿಲ್ಲಿಸಿ, ಆ ಪೈಪಿನ ಒಂದು ತುದಿ ಬಿಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಮೊದಲು ಗಾಳಿ ನಿಂತಿತು. ಇನ್ನೊಂದು ಸಲ ಒತ್ತಿದಾಗ ರೆಗ್ಯುಲೇಟರಿನ ಬಳಿ ಬುಸ್ಸೆಂದಿತು. ಮುತ್ತುರಾಜ ಬೆರಳಿನಿಂದ ಬಗ್ಗಿಸಿ ನೋಡಿದ. ಇಂಜಿನ್ನಿನ ಶಾಖಕ್ಕೆ ಮೆತ್ತಗಾಗಿ, ತುದಿಯ ಹಿಂಭಾಗದಲ್ಲಿ ಸೀಳು ಬಿಟ್ಟಿತ್ತು. ನೋಡಲು ಅಂದವಾದ ನೀಲಿ ಪ್ಲಾಸ್ಟಿಕ್ ಪೈಪು.

ಇದು ಇಲ್ಲಿಗೆ ಹಾಕುವಂಥದ್ದಲ್ಲ, ಬೆಂಗಳೂರಿನವನು ಯಾಕೆ ಹಾಕಿದನೋ ಅಂದ ಮುತ್ತುರಾಜ.

ಗೌರೀಶ ಆ ಪೈಪನ್ನು ಕೈಗೆ ತೆಗೆದುಕೊಂಡ. "ಅವನು ಹಾಕಿದ್ದಲ್ಲ. ಕರೀ ಪೈಪು ಹಳೇದಾಗಿ ಕಾಣ್ತಿತ್ತು ಅಂತ ನಾನೇ ಬದಲಾಯಿಸ್ದೆ."

ಮುತ್ತುರಾಜ ಸ್ಪ್ಯಾನರ್ ಒರೆಸುವ ನೆಪದಲ್ಲಿ ಒಳಗೆ ಹೋದ. ಭವ್ಯ ಕಾರಿಗೆ ಒರಗಿ ನಿಂತಿದ್ದಳು. ಗೌರೀಶ ಕ್ಷಮೆ ಅನ್ನುವ ಪದ ಬಳಸಲಿಲ್ಲ. ಆ ಮನೆಯಲ್ಲಿ ಅದರ ರೂಢಿ ಇರಲಿಲ್ಲ. ನೀನು ಹೇಳಿದ ದಿನವೇ ಬಾನೆಟ್ ಎತ್ತಿ ನೋಡಬೇಕಿತ್ತು ಅಂದ.

"ಬಾನೆಟ್ ಪ್ರತಿ ಭಾನುವಾರ ಎತ್ತುತ್ತಿದ್ರಿ," ಅಂದಳು ಭವ್ಯ. "ನಾನು ಹೇಳಿದ್ದನ್ನ ನಂಬಬೇಕಿತ್ತು."

ಅವನು ಹೌದು ಅಂದ.

ಮುತ್ತುರಾಜ ಶಾಖ ತಡೆಯುವ ದಪ್ಪ ರಬ್ಬರ್ ಪೈಪು ಹಾಕಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದ. ಮತ್ತೆ ಅದೇ ಏರಿಗೆ ಹೋದರು. ಈ ಸಲ ಭವ್ಯ ತುಳಿದ ಹಾಗೇ ಮುಳ್ಳು ಮೇಲೆ ಮೇಲೆ ಏರಿತು, ಕಾರು ಒಂದೇ ದನಿಯಲ್ಲಿ ಗುಡ್ಡದ ತಲೆ ಮುಟ್ಟಿತು.

ಆಮೇಲೆ ಭವ್ಯ ಹುಲಿಕುಂಟೆ ಕಡೆಗೆ ಹೊರಟಳು. ಗೌರೀಶ ಬೈಕನ್ನು ಗ್ಯಾರೇಜಿನಲ್ಲೇ ಬಿಟ್ಟು ಜೊತೆಯಲ್ಲಿ ಹೋದ. ಅವಳು ಚಿಕ್ಕಹನುಮಕ್ಕನ ಹಸುವಿಗೆ ಇಂಜೆಕ್ಷನ್ ಕೊಡುವಾಗ ಕೊಂಬು ಹಿಡಿದುಕೊಂಡ. ರಾತ್ರಿ ಊಟಕ್ಕೆ ಕೂತಾಗ ತಾಯಿಗೆ, ತಪ್ಪು ಗಾಡೀದು, ನಾನು ಹಾಕಿದ ಪೈಪಿನದು ಎಂದು ತಾನೇ ಹೇಳಿದ. ಬಸವಮ್ಮ ಸೊಸೆಯ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು.

ಕಾರು ಅವತ್ತೇ ಸರಿಹೋಯಿತು. ಭವ್ಯಳ ಕಾಲಿಗೆ ಧೈರ್ಯ ಬರಲು ಇನ್ನೂ ಕೆಲವು ವಾರ ಹಿಡಿಯಿತು.