ಅಕ್ಕನಿಗೆಂದು ಹಾಕಿಸಿದ ಹಿಡಿಕೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಂದಾ ನ್ಯೂಜೆರ್ಸಿಯ ಮೆಟುಚೆನ್ನಿನ ತನ್ನ ಮನೆಯ ಕೆಳಗಿನ ಬಚ್ಚಲಮನೆಗೆ ಹೋಗಿ, ಟಬ್ಬಿನ ಅಂಚಿನ ಮೇಲೆ ಕೂತು, ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿದಳು. ಅಕ್ಕನಿಗೆ ತೋರಿಸಬೇಕಾದದ್ದು ಅಲ್ಲೇ ಗೋಡೆಯ ಮೇಲಿತ್ತು: ಹೊಸ ಸ್ಟೀಲಿನ ಹಿಡಿಕೆ, ವಯಸ್ಸಾದವರು ಟಬ್ಬಿಗೆ ಇಳಿಯುವಾಗ ಹಿಡಿದುಕೊಳ್ಳಲು. ಗಂಡ ಮಹೇಶ್ ಎರಡು ಶನಿವಾರ ಡ್ರಿಲ್ ಹಿಡಿದು, ಮೂರು ಟೈಲು ಒಡೆದು ಅದನ್ನು ಕೂರಿಸಿದ್ದ. ಪಕ್ಕದ ಕೋಣೆಯಲ್ಲಿ ಹೊಸ ಮಂಚ, ಹೊಸ ಹಾಸಿಗೆ, ಪೂಜೆಗೊಂದು ಮಣೆ. ಅಕ್ಕ ಬರುವುದೊಂದೇ ಬಾಕಿ.

ಅಕ್ಕ ಗುರುಸಿದ್ದಮ್ಮ, ಆಕೆಯ ಗಂಡ ಅಮರೇಶ್ವರ ಮೂವತ್ತು ವರ್ಷ ಇಲ್ಲೇ ಹತ್ತಿರದ ವೆಸ್ಟ್ ವಿಂಡ್ಸರಿನಲ್ಲಿದ್ದವರು. ರಿಟೈರಾದ ಮೇಲೆ, ಹಳೆಯ ಸಹೋದ್ಯೋಗಿಯೊಬ್ಬ ತನ್ನ ಅಜ್ಜಿಯ ಮನೆ ಖಾಲಿ ಬಿದ್ದಿದೆ ಎಂದದ್ದೇ ನೆಪವಾಗಿ, ಇಲ್ಲಿಯ ಮನೆ ಮಾರಿ ಹಂಗೇರಿಯ ಒಂದು ಹಳ್ಳಿಗೆ ಹೋಗಿ ಕೂತಿದ್ದರು. "ಎರಡು ವರ್ಷ ಅಷ್ಟ" ಎಂದು ಅಕ್ಕ ಏರ್‌ಪೋರ್ಟಿನಲ್ಲಿ ಹೇಳಿದ್ದಳು. ನ್ಯೂಜೆರ್ಸಿಯ ಅಷ್ಟೂ ಕನ್ನಡಿಗರು ಇಲ್ಲಿಗೆ ಬಂದದ್ದು ಎರಡೇ ವರ್ಷಕ್ಕೆಂದು ಮಹೇಶ್ ಆಗಲೇ ನೆನಪಿಸಿದ್ದ. ನಂದಾ ನಗಲಿಲ್ಲ. ಅವಳು ಎರಡು ವರ್ಷವನ್ನು ಎರಡು ವರ್ಷವೆಂದೇ ನಂಬಿದ್ದಳು. ಅದು ಹೋದ ತಿಂಗಳು ಮುಗಿದಿತ್ತು.

ಆ ಹಳ್ಳಿಯ ದಿನಚರಿ ನಂದಾಗೆ ಈಗ ಬಾಯಿಪಾಠ. ಬೆಳಿಗ್ಗೆ ಏಳಕ್ಕೆ ಬ್ರೆಡ್ಡಿನ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಡಾಕ್ಟರು ಬರುವುದು ಮಂಗಳವಾರ ಮಾತ್ರ, ಕಾಯಿಲೆ ಅದಕ್ಕೆ ಹೊಂದಿಕೊಳ್ಳಬೇಕು. ಹಾಲು ತರಲೂ ಕಾರು ತೆಗೆಯುತ್ತಿದ್ದ ಅಮರೇಶ್ವರ ಈಗ ಬುಟ್ಟಿ ಕಟ್ಟಿದ ಸೈಕಲ್ಲಿನಲ್ಲಿ ತಿರುಗುತ್ತಾರೆ, ಒಲೆಗೆ ಸೌದೆ ಒಡೆಯುತ್ತಾರೆ. ಸೆಪ್ಟೆಂಬರಿನಲ್ಲಿ ಓಣಿಯ ಮನೆಮನೆಯ ಮುಂದೆ ಕೆಂಪು ಮೆಣಸಿನಕಾಯಿಯ ಸರಗಳು ತೂಗುತ್ತವೆ. ಮೊದಲ ಸಲ ಅದನ್ನು ನೋಡಿದ ಅಕ್ಕ "ಬ್ಯಾಡಗಿಗೆ ಬಂದಂಗಾತು" ಎಂದು ಅತ್ತಿದ್ದಳು. ಪಕ್ಕದ ಮನೆಯ ಇಲೊಂಕಾಗೆ ಎಂಬತ್ತು ದಾಟಿದೆ. ಆಕೆ ಹಿತ್ತಲಲ್ಲಿ ಜೋಳ ಬೆಳೆಯುತ್ತಾಳೆ, ತೆನೆಯ ಕಡ್ಡಿ ಕಸಬರಿಗೆ ಕಟ್ಟಲು, ಕಾಳು ಕೋಳಿಗೆ. ಆ ಕಾಳು ಬೀಸಿ ಅಕ್ಕ ರೊಟ್ಟಿ ಬಡಿದದ್ದನ್ನು ಕಂಡ ಇಲೊಂಕಾ, ಅಮೆರಿಕದಿಂದ ಬಂದ ಈ ಬಡವರು ಕಸಬರಿಗೆ ತಿನ್ನುತ್ತಿದ್ದಾರೆಂದು ಒಂದು ವಾರ ಆಲೂಗಡ್ಡೆ ಸೂಪು ತಂದುಕೊಟ್ಟಿದ್ದಳು.

"ಅಕ್ಕಾ, ಇಲ್ಲಿ ನೋಡು, ಏನ್ ಹಾಕ್ಸೀವಿ!" ನಂದಾ ಕ್ಯಾಮೆರಾ ತಿರುಗಿಸಿದಳು.

"ತಡಿ ತಡಿ, ಕೈ ತುಂಬ ಸಾಬೂನ ಐತಿ. ಮೊದ್ಲ ನಮ್ಮದ ನೋಡು. ಏ, ಫೋನ್ ಸ್ವಲ್ಪ ಕೆಳಗ ಹಿಡೀರಿ."

ಅಮರೇಶ್ವರ ಫೋನು ಕೆಳಗಿಳಿಸಿದರು. ಅಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ, ನವೆಂಬರಿನ ಮೊದಲ ಭಾನುವಾರ, ಆ ಊರವರು ಸತ್ತವರ ಗೋರಿ ತೊಳೆದು ದೀಪ ಹಚ್ಚುವ ಹಬ್ಬದ ವಾರ. ಪರದೆಯ ತುಂಬ ಸೇವಂತಿಗೆ, ಮೇಣದ ಬತ್ತಿ, ಬಕೆಟ್ಟು ಬ್ರಷ್ಷು ಹಿಡಿದ ಊರಿನವರು. ನಡುವೆ ಸೀರೆಯ ಮೇಲೆ ಕೋಟು ಹಾಕಿದ ಅಕ್ಕ ಮಂಡಿಯೂರಿ ಒಂದು ಕರಿಕಲ್ಲನ್ನು ತಿಕ್ಕುತ್ತಿದ್ದಳು. ಕಲ್ಲಿನ ಮೇಲೆ ಅಮರೇಶ್ವರ, ೧೯೫೩, ಒಂದು ಗೀಟು, ಮುಂದೆ ಖಾಲಿ. ಅದರ ಕೆಳಗೆ ಗುರುಸಿದ್ದಮ್ಮ, ೧೯೫೭, ಒಂದು ಗೀಟು, ಖಾಲಿ.

ನಂದಾ ಕಿರುಚಿದ ರಭಸಕ್ಕೆ ಮಹಡಿಯಿಂದ ಮಗಳು ಜಾನ್ವಿ "ಮಾಮ್, ಆರ್ ಯು ಓಕೆ?" ಎಂದು ಕೂಗಿದಳು. ಮಹೇಶ್ ಕಾಫಿ ಲೋಟದ ಸಮೇತ ಓಡಿಬಂದ. ನಂದಾ ಅರ್ಧ ಟಬ್ಬಿನೊಳಗೆ ಜಾರಿದ್ದಳು; ಹಿಡಿಕೆ ಕೈಗೆ ಸಿಕ್ಕಿದ್ದರಿಂದ ಉಳಿದಿದ್ದಳು. ಹಿಡಿಕೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮಹೇಶನ ಮುಖದಲ್ಲಿ ಮೊದಲು ಹಾದುಹೋದದ್ದು ಹೆಮ್ಮೆ, ಗಾಬರಿ ಆಮೇಲೆ ಬಂತು.

"ಯವ್ವಾ! ಜೀವಂತ ಇದ್ದಾಗ ಯಾರರ ಗೋರಿ ಕಲ್ಲು ಹಾಕಿಸ್ಕೋತಾರೇನ? ಮುತ್ತೈದಿ ನೀ!"

"ಇಲ್ಲಿ ಎಲ್ಲಾರೂ ಹಾಕಿಸ್ಕೋತಾರವ್ವಾ. ಇಲೊಂಕಾ ತನ್ನ ಗೋರಿ ಹೂವಿಗೆ ತಾನ ನೀರು ಹಾಕಾಕತ್ತಿ ಹದಿನಾಕು ವರ್ಷ ಆತು. ಗಟ್ಟಿ ಅದಾಳ."

"ವೀರಗಲ್ಲು ನೆಟ್ಟಾಯ್ತು ಅನ್ನಿ, ಯುದ್ಧ ಒಂದು ಬಾಕಿ," ಎಂದ ಮೈಸೂರಿನ ಮಹೇಶ್.

"ರೀ, ನೀವು ಸುಮ್ನಿರ್ರಿ! ಮಾಮಾ, ನೀವರ ಬುದ್ಧಿ ಹೇಳಬಾರ್ದಾ ಅಕ್ಕಗ?"

ಅಮರೇಶ್ವರರ ಮುಖ ಪರದೆಗೆ ಬಂತು. "ಈಶಣ್ಣನ ನೆನಪೈತೇನ, ನಂದಾ?"

ನೆನಪಿತ್ತು. ಗದಗಿನ ಈಶಣ್ಣ, ಇಲ್ಲಿಯ ಲಿಂಗಾಯತ ಮನೆಗಳಿಗೆಲ್ಲ ಹಿರಿಯ. ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಮಾಡುವುದು ಇವರ ಪದ್ಧತಿ. ಈಶಣ್ಣ ತೀರಿಕೊಂಡಾಗ ಇಲ್ಲಿಯ ಸ್ಮಶಾನದವರು, ಪೆಟ್ಟಿಗೆಯಲ್ಲಿ ಮಲಗಿಸುವುದಾದರೆ ಸರಿ, ಕೂರಿಸುವುದು ಸಾಧ್ಯವಿಲ್ಲ ಎಂದುಬಿಟ್ಟಿದ್ದರು. ಎರಡು ದಿನ ಅಲೆದ ಮಕ್ಕಳು ಕೊನೆಗೆ ಸುಟ್ಟರು.

"ಇಲ್ಲಿ ಗುಂಡಿ ತೋಡಾಂವ ಲಾಯೋಶ್ ಅಂತ. ಅವಂಗ ನನ್ನ ಹಂಗೇರಿಯನ್ ತಿಳೀಲಿಲ್ಲ. ಅಲ್ಲೇ ಹುಲ್ಲಿನ ಮ್ಯಾಲೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ ಕುಂತು ತೋರಿಸಿದೆ. ಯಾಕ, ಏನು ಅಂತ ಒಂದು ಕೇಳ್ಲಿಲ್ಲ ನೋಡು. ಸಲಿಕಿ ನನ್ನ ಬಾಜೂಕ ನಿಲ್ಸಿ, ನೆತ್ತಿ ತನಕಾ ಅಳದು, ಹಿಡಿಕಿ ಮ್ಯಾಲೆ ಒಂದು ಗೆರಿ ಎಳಕೊಂಡ. 'ಉದ್ದ ಕಡಿಮಿ, ಆಳ ಹೆಚ್ಚು' ಅಂದ. ಅಷ್ಟ."

"ನನ್ನೂ ಅಳದಾ," ಎಂದಳು ಅಕ್ಕ, ಕುಪ್ಪಸಕ್ಕೆ ಅಳತೆ ಕೊಟ್ಟು ಬಂದವಳ ದನಿಯಲ್ಲಿ. "ಇವರಕಿಂತ ನಾಕು ಬೆರಳು ಕಡಿಮಿ."

ತನ್ನನ್ನು ಬೀಳಿಸಿದ್ದು ಆ ಕಲ್ಲು ಎಂದು ನಂದಾ ಇಷ್ಟು ಹೊತ್ತು ತಿಳಿದಿದ್ದಳು. ಗುಂಡಿಯ ಆಳ ಅಳೆಸಿಕೊಂಡವರು ಇಲ್ಲಿಯ ಮಂಚಕ್ಕೆ ಬರುವವರಲ್ಲ ಎಂಬುದು ಈಗ ಹೊಳೆಯಿತು.

"ಹಂಗಾರ... ಇಲ್ಲಿಗೆ ಯಾವಾಗ ಬರ್ತೀರಿ?"

ಅಕ್ಕ ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿದಳು. "ಏಪ್ರಿಲ್‌ದಾಗ ಬರ್ತೀವಲ್ಲ. ಮೂರು ವಾರ ಇರ್ತೀವಿ. ಮೇದಾಗ ಜೋಳ ಬಿತ್ತಬೇಕು, ಇಲೊಂಕಾಗ ಈಗ ಬಗ್ಗಾಕ ಆಗೂದಿಲ್ಲ."

ಮಹೇಶ್ ಏನೋ ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, ತೆರೆದ ಬಾಯಿಗೆ ಕಾಫಿ ಸುರಿದುಕೊಂಡ.

"ಏನೋ ತೋರಿಸ್ತೀನಿ ಅಂದಿದ್ದೆಲ್ಲ, ಏನದು?" ಅಕ್ಕ ಕೇಳಿದಳು.

ನಂದಾ ಇನ್ನೂ ಹಿಡಿಕೆ ಬಿಟ್ಟಿರಲಿಲ್ಲ. "ಏನಿಲ್ಲ. ಬಚ್ಚಲ ರಿಪೇರಿ ಮಾಡ್ಸೀವಿ."

"ಛಲೋ ಆತು. ನೀನೂ ಅರವತ್ತಕ್ಕ ಬಂದಿ. ಜಾರಿ ಗೀರಿ ಬಿದ್ದೀ ಮತ್ತ."

ನಂದಾ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಅಕ್ಕಾ."

"ಏನ?"

"ನಿನ್ನ ಹೆಸರಿನ ಕಡೀಕ ಮಣ್ಣು ಹತ್ತೇತಿ ನೋಡು. ನಮ್ಮವ್ವ ಇದ್ದಿದ್ರ ಕೈ ಮ್ಯಾಲೆ ಕೊಡ್ತಿದ್ಳು."

"ಎಲ್ಲೆ? ಇಲ್ಲೇನು?"

"ಅಲ್ಲಲ್ಲ, ಇನ್ನಾ ಸ್ವಲ್ಪ ಬಲಕ್ಕ. ಗೀಟಿನ ಮುಂದ ಖಾಲಿ ಬಿಟ್ಟಾರಲ್ಲ, ಅಲ್ಲೆ."

ಅಕ್ಕ ಮಂಡಿಯ ಮೇಲೆಯೇ ಸರಿದು ಅಲ್ಲಿ ತಿಕ್ಕತೊಡಗಿದಳು.