ಎಲ್ಲರೂ ಆರಾಮ

ತೀರಿಹೋದ ಚಿಕ್ಕಪ್ಪನ ಫೋನಿನಿಂದ ಆ ಬೆಳಿಗ್ಗೆಯೂ ಉತ್ತರ ಬಂತು: ‘ಎಲ್ಲರೂ ಆರಾಮ’. ಆರೋಗ್ಯ ಕಚೇರಿಯ ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದ ಅವಳು ಅದನ್ನು ಮತ್ತೊಮ್ಮೆ ಓದಿದಳು.

ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ ಎಂದು ಊರಿನ ಪ್ರತಿ ಮನೆಯ ಫೋನಿಗೂ ದಿನಾ ಪ್ರಶ್ನೆ ಹೋಗುತ್ತದೆ. ಇಲ್ಲವೆಂದರೆ ನಕ್ಷೆಯಲ್ಲಿ ಆ ಮನೆ ಹಸಿರು, ಇದೆಯೆಂದರೆ ಕೆಂಪು. ಒಂದೇ ಕಡೆ ನಾಲ್ಕಾರು ಕೆಂಪು ಕಂಡರೆ ರೋಗ ಹಬ್ಬುವ ಮೊದಲೇ ಹಿಡಿಯಬಹುದು. ಅದನ್ನು ನೋಡುತ್ತ ಕೂರುವುದೇ ಅವಳ ಕೆಲಸ. ಜ್ವರ ಬಂದಾಗ ಚಿಕ್ಕಪ್ಪ ಮರೆಮಾಚದೆ ಕೆಂಪು ಒತ್ತಿದ್ದರು. ಆಂಬುಲೆನ್ಸ್ ಕಳಿಸಿದ್ದು ಅವಳೇ. ಅವರು ವಾಪಸು ಬರಲಿಲ್ಲ. ಅಂದಿನಿಂದ ಆ ಬೀದಿಯಲ್ಲಿ ಒಂದು ಕೆಂಪೂ ಇಲ್ಲ. ನಿಮ್ಮ ಚಿಕ್ಕಪ್ಪನ ಬೀದಿಯವರು ಕಲ್ಲುಗುಂಡಿನ ಹಾಗಿದ್ದಾರೆ ಬಿಡಿ ಎಂದು ಮೇಲಧಿಕಾರಿ ತಮಾಷೆ ಮಾಡಿದ್ದರು. ಅವಳಿಗೆ ಅಷ್ಟೊಂದು ಹಸಿರು ನೋಡಿಯೇ ಹೆದರಿಕೆಯಾಗುತ್ತಿತ್ತು.

ಮಧ್ಯಾಹ್ನ ಅವಳು ಆ ಬೀದಿಗೆ ಹೊರಟೇಬಿಟ್ಟಳು. ಬೀದಿ ಮೂಲೆಯ ಔಷಧಿ ಅಂಗಡಿಯವನು, ಕೇಳುವ ಮೊದಲೇ ಜ್ವರದ ಮಾತ್ರೆ ಖಾಲಿ ಎಂದು ಹೇಳಿ ಮುಖ ತಿರುಗಿಸಿದ. ಹೊರಗೆ ಒಂದು ಮಗುವೂ ಆಡುತ್ತಿರಲಿಲ್ಲ.

ಚಿಕ್ಕಮ್ಮ ಗೋಡೆ ಹಿಡಿದುಕೊಂಡೇ ಕೆಮ್ಮುತ್ತ ಬಂದು ಬಾಗಿಲು ತೆಗೆದಳು. ಚಿಕ್ಕಪ್ಪನ ಅಂಗಿ ಇನ್ನೂ ಮೊಳೆಗೆ ನೇತಾಡುತ್ತಿತ್ತು, ಅದರ ಜೇಬಿನಲ್ಲೇ ಫೋನು. ಚಿಕ್ಕಮ್ಮನ ಕೈ ಮುಟ್ಟಿದರೆ ಕೆಂಡ.

"ಫೋನು ನೀನೇ ಒತ್ತೋದಾ ಚಿಕ್ಕಮ್ಮ?"

"ಅವರೇ ಒತ್ತಿದ್ರು ಅಂದ್ಕೊಂಡು ಒತ್ತುತ್ತೀನಿ. ಆವತ್ತು ಆರಾಮ ಅಂತ ಒತ್ತಿದ್ದಿದ್ರೆ ಮನೇಲೇ ಇರ್ತಿದ್ರಲ್ಲ."

ಬೀದಿಯವರೆಲ್ಲ ಹಾಗೇ ಅಂದುಕೊಂಡಿದ್ದರು. ಜ್ವರ ಬಂದರೆ ಯಾವುದನ್ನು ಒತ್ತಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದರಂತೆ. ಇನ್ನು ತಡಮಾಡಿದರೆ ಚಿಕ್ಕಮ್ಮನೂ ಉಳಿಯುವುದಿಲ್ಲ, ಬೀದಿಯೂ ಉಳಿಯುವುದಿಲ್ಲ. ಅವಳು ಅಂಗಿಯ ಜೇಬಿನಿಂದ ಫೋನು ತೆಗೆದಳು.

ಚಿಕ್ಕಮ್ಮ ತಡೆಯಲಿಲ್ಲ. "ಅವರನ್ನ ಗಾಡಿ ಹತ್ತಿಸಿದವಳು ನೀನು. ಜೊತೇಲಿ ಹೋದ್ಯಾ?" ಎಂದಳು, ಅಷ್ಟೆ.

ಅವತ್ತು ಅವಳು ಪರದೆಯ ಮುಂದಿನಿಂದ ಎದ್ದೇ ಇರಲಿಲ್ಲ.

"ಈ ಸಲ ನಾನೂ ಬರ್ತೀನಿ" ಎಂದು ಕೆಂಪು ಒತ್ತಿದಳು.

ಗಾಡಿ ಬರುವಾಗ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಚಿಕ್ಕಮ್ಮನನ್ನು ತಬ್ಬಿ ಹಿಡಿದು ಹತ್ತಿಸಿ, ತಾನೂ ಹತ್ತಿ ಕೂತು ಹೊರಗೆ ನೋಡಿದಳು. ಎದುರು ಮನೆಯ ಕಿಟಕಿಯಲ್ಲಿ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅದರ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಮಗುವಿನ ಪುಟ್ಟ ಭುಜಗಳು ಕೆಮ್ಮಿಗೆ ಸದ್ದಿಲ್ಲದೆ ಕುಲುಕುತ್ತಿದ್ದವು.